ಇಪ್ಪತ್ತೆರಡನೆಯ ಸುತ್ತು

ಫೆಬ್ರವರಿ 6

ತಮ್ಮಾ,

ಫೋನ್ ಮಾಡಿದರೆ ನೀನು ಎರಡು ಸಲ "ಏನು, ಏನು" ಅಂದು ಅದನ್ನು ಹೆಂಡತಿಯ ಕೈಗೆ ಕೊಟ್ಟುಬಿಡುತ್ತೀಯ. ಅಷ್ಟು ವರ್ಷ ಎಂಜಿನ್ನಿನ ಪಕ್ಕದಲ್ಲೇ ಕಿವಿ ಇಟ್ಟು ಬದುಕಿದವನಿಗೆ ಇನ್ನೇನಾಗಬೇಕು. ಅದಕ್ಕೇ ಈ ಕಾಗದ. ಓದಿ ಮೂಲೆಗೆ ಹಾಕಬೇಡ, ನನಗೆ ಉತ್ತರ ಬೇಕು.

ನಮ್ಮ ಮೋಟಾರ್ ಕ್ಲಬ್ಬಿನವರು ರೇಸ್ ಟ್ರ್ಯಾಕಿನ ಚರಿತ್ರೆಯನ್ನು ಪುಸ್ತಕ ಮಾಡುತ್ತಿದ್ದಾರೆ. ಟ್ರ್ಯಾಕು ಮುಚ್ಚಿ, ಅದರ ಮೇಲೆ ಗೋದಾಮುಗಳೆದ್ದು, ಹನ್ನೊಂದು ವರ್ಷವಾದ ಮೇಲೆ ಅವರಿಗೆ ಜ್ಞಾನೋದಯವಾಗಿದೆ. ಚಾಂಪಿಯನ್ನರ ಅಧ್ಯಾಯ ನನ್ನ ಕೊರಳಿಗೆ ಬಿತ್ತು. "ಮೂವತ್ತು ವರ್ಷ ಸುತ್ತಿನ ಲೆಕ್ಕ ಬರೆದವರು ನೀವು, ನಿಮ್ಮನ್ನ ಬಿಟ್ಟು ಇನ್ಯಾರು ಬರೀಬೇಕು ಮೇಡಂ" ಎಂದರು ಕಾರ್ಯದರ್ಶಿ. ಹೊಗಳಿಕೆಗೆ ಕರಗುವ ವಯಸ್ಸು ದಾಟಿದೆ ಎಂದುಕೊಂಡಿದ್ದೆ. ದಾಟಿರಲಿಲ್ಲ.

ಬರೆಯಲು ಕೂತರೆ ಏಳಲು ಮನಸ್ಸಾಗುವುದಿಲ್ಲ ಕಣೋ. ಮೊದಲನೆಯ ಚಾಂಪಿಯನ್ ಒಬ್ಬ ಅಂಚೆಯವನು. ಶನಿವಾರ ಸಂಜೆ ಇಲಾಖೆಯ ಮೋಟಾರ್ ಸೈಕಲ್ಲಿನಿಂದ ಚೀಲದ ಕಂಬಿ ಬಿಚ್ಚಿಟ್ಟು, ಭಾನುವಾರ ರೇಸ್ ಓಡಿಸಿ, ಸೋಮವಾರ ಮತ್ತೆ ಅದನ್ನು ಬಿಗಿದು ಕಾಗದ ಹಂಚಲು ಹೋಗುತ್ತಿದ್ದನಂತೆ. ಆ ಕಾಲದ ಕಾರ್ ರೇಸಿನಲ್ಲಿ ಡ್ರೈವರ್ ಪಕ್ಕ ಒಬ್ಬ ಮೆಕ್ಯಾನಿಕ್ ಕೂತು ಕೈಯಿಂದ ಎಣ್ಣೆ ಪಂಪ್ ಮಾಡುತ್ತಿರಬೇಕಿತ್ತು. ಗೆದ್ದರೆ ಬಹುಮಾನದ ಕಪ್ಪು ಮಾತ್ರ ಡ್ರೈವರಿಗೆ. ಐದು ವರ್ಷ ಚಾಂಪಿಯನ್ ಕಾರಿನಲ್ಲಿ ಕೂತ ಒಬ್ಬ ಮೆಕ್ಯಾನಿಕ್ಕಿನ ಹೆಸರು ಯಾವ ದಾಖಲೆಯಲ್ಲೂ ಇಲ್ಲ, ಒಂದು ಫೋಟೋದಲ್ಲಿ ಅವನ ಅರ್ಧ ಮುಖ ಇದೆ. ಇನ್ನು ಬ್ರೆಡ್ಡಿನಂಗಡಿಯವರ ಮಗಳು, ಎರಡು ವರ್ಷ ಅಣ್ಣನ ಹೆಸರಿನಲ್ಲಿ ಓಡಿಸಿ ಗೆದ್ದವಳು. ಕಪ್ಪು ಈಸಿಕೊಳ್ಳುವಾಗ ಹೆಲ್ಮೆಟ್ ತೆಗೆದಳಂತೆ. ಕಪ್ಪು ಕೊಡುತ್ತಿದ್ದ ದೊಡ್ಡ ಮನುಷ್ಯರು ಅದನ್ನು ಅರ್ಧ ಗಳಿಗೆ ಕೈಯಲ್ಲೇ ಹಿಡಿದುಕೊಂಡು ನಿಂತುಬಿಟ್ಟರಂತೆ.

ಈಗ ನಿನ್ನ ಸರದಿ. ನಲವತ್ತೊಂದು ವರ್ಷದ ಹಿಂದಿನ ಆ ವರ್ಷದ ಕೊನೆಯ ಮೋಟಾರ್ ಸೈಕಲ್ ರೇಸು. ಮೂವತ್ತು ಸುತ್ತು, ಜಡಿಮಳೆ. ನೀನು ಹದಿನೇಳನೆಯ ನಂಬರು, ಮೇಷ್ಟ್ರು ನಾಲ್ಕು. ವಾರವೆಲ್ಲ ಶಾಲೆಯಲ್ಲಿ ಗಣಿತ ಹೇಳಿಕೊಟ್ಟು ಭಾನುವಾರ ನಿನ್ನ ಬೆನ್ನು ಹತ್ತುತ್ತಿದ್ದ ಮನುಷ್ಯ. ಇಬ್ಬರಿಗೂ ಸಮ ಅಂಕ. ಆವತ್ತು ಗೆದ್ದವನೇ ಚಾಂಪಿಯನ್. ನೀನು ಗೆದ್ದೆ, ಜೊತೆಗೆ ಇಪ್ಪತ್ತಮೂರನೆಯ ಸುತ್ತನ್ನು ಎರಡು ನಿಮಿಷ ಮೂವತ್ತೊಂದು ಸೆಕೆಂಡಿನಲ್ಲಿ ಮುಗಿಸಿದೆ. ಒಣ ರಸ್ತೆಯಲ್ಲೂ ಯಾರೂ ಅದನ್ನು ಮುರಿಯಲಿಲ್ಲ, ಟ್ರ್ಯಾಕ್ ಮುಚ್ಚುವ ತನಕ. ನನ್ನ ಕೈಬರಹದ ಆ ಹಾಳೆಯನ್ನು ಕ್ಲಬ್ಬಿನ ಟ್ರಂಕಿನಿಂದ ತಂದು ಊಟದ ಮೇಜಿನ ಮೇಲೆ ಹರಡಿದ್ದೇನೆ. ನಿನ್ನ ಭಾವ ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ಉಣ್ಣುತ್ತಿದ್ದಾರೆ.

ಆ ಇಪ್ಪತ್ತೆರಡು, ಇಪ್ಪತ್ತಮೂರನೆಯ ಸುತ್ತು ಹೇಗಿತ್ತು, ನಿನ್ನ ಮಾತಿನಲ್ಲೇ ಬರೆದು ಕಳಿಸು. ಪುಸ್ತಕ ಜೂನ್ ಒಂದಕ್ಕೆ ಅಚ್ಚಿಗೆ ಹೋಗುತ್ತದೆ.

ಅಕ್ಕ

ಫೆಬ್ರವರಿ 19

ಅಕ್ಕಾ,

ಕಿವಿ ಹೋದರೇನಂತೆ, ಬಾಯಿ ಗಟ್ಟಿಯಾಗಿದೆ. ನನ್ನ ಡ್ರೈವಿಂಗ್ ಶಾಲೆಗೆ ಬಂದು ನೋಡು, ಈ ತಂಡದಲ್ಲಿ ಹನ್ನೆರಡು ಜನ ಇದ್ದಾರೆ. ಮೊದಲನೆಯ ದಿನ ಪಾಠ ಏನೂ ಇಲ್ಲ, ಮಳೆಯ ಸುತ್ತಿನ ಕಥೆ ಮಾತ್ರ. ಗೋಡೆಯ ಮೇಲೆ ಅಡಿಯುದ್ದದ ಅಕ್ಷರದಲ್ಲಿ ಬರೆಸಿದ್ದೇನೆ, 2:31 ಎಂದು. ಅದನ್ನು ನೋಡಿಯೇ ಅರ್ಧ ಜನ ಸೇರುತ್ತಾರೆ.

ಬರೆದುಕೋ. ಕೈ ಮರಗಟ್ಟಿ ಬೆರಳು ಎಲ್ಲಿದೆ ಎಂದು ಗೊತ್ತಾಗುತ್ತಿರಲಿಲ್ಲ. ರಸ್ತೆ ಕಾಣುತ್ತಿರಲಿಲ್ಲ, ಅಂದಾಜಿನ ಮೇಲೆ ಓಡಿಸುತ್ತಿದ್ದೆ. ಹಿಂದೆ ಮೇಷ್ಟ್ರು ಇದ್ದಾರೋ ಇಲ್ಲವೋ ತಿರುಗಿ ನೋಡಲಿಲ್ಲ. ಇಪ್ಪತ್ತಮೂರರಲ್ಲಿ ಏನಾಯಿತೋ, ಮೈಮೇಲೆ ಏನೋ ಬಂದ ಹಾಗಾಯಿತು. ನೀರಿನ ಟ್ಯಾಂಕಿನ ತಿರುವಿನಲ್ಲಿ ಎಲ್ಲರೂ ಎರಡನೇ ಗೇರಿಗೆ ಇಳಿಯುತ್ತಿದ್ದರು, ನಾನು ಬ್ರೇಕನ್ನೇ ಮುಟ್ಟಲಿಲ್ಲ. ಗಾಡಿ ಜಾರಿತು, ನಾನೂ ಅದರ ಜೊತೆ ಜಾರುತ್ತಾ ಹೋದೆ, ರಸ್ತೆ ಮುಗಿಯುವ ಹೊತ್ತಿಗೆ ತಾನಾಗಿ ನೆಟ್ಟಗಾಯಿತು. ಇಪ್ಪತ್ತೆರಡರ ಬಗ್ಗೆ ಹೇಳುವುದಕ್ಕೆ ಏನೂ ಇಲ್ಲ. ಎಲ್ಲ ಸುತ್ತಿನ ಹಾಗೆ ಅದೂ ಒಂದು ಸುತ್ತು.

ಮೇಷ್ಟ್ರು ಹೇಗಿದ್ದಾರೆ, ಇದ್ದಾರಾ? ಅವರ ಬಗ್ಗೆ ಹೆಚ್ಚು ಬರೆಯಲು ಹೋಗಬೇಡ. ಸೋತದ್ದನ್ನು ಮುದಿವಯಸ್ಸಿನಲ್ಲಿ ಮತ್ತೆ ಅಚ್ಚಿನಲ್ಲಿ ನೋಡಬೇಕೇಕೆ ಪಾಪ.

ಭಾವನಿಗೆ ಮೇಜು ಬಿಟ್ಟುಕೊಡು.

ತಮ್ಮ

ಮಾರ್ಚ್ 2

ತಮ್ಮಾ,

ನಿನ್ನ ಕಾಗದ ಓದಿ ಭಾವ ಬಿದ್ದು ಬಿದ್ದು ನಕ್ಕರು. "ಅಲ್ಲಿ ಬ್ರೇಕ್ ಮುಟ್ಟದೇ ಇದ್ದಿದ್ರೆ ಇವನು ಆ ಟ್ಯಾಂಕಿನೊಳಗೇ ಇರ್ತಿದ್ದ" ಎಂದರು. ನಾನೂ ನಕ್ಕೆ. ಆಮೇಲೆ ನಗು ನಿಂತುಹೋಯಿತು, ಏಕೆಂದರೆ ಅಷ್ಟರಲ್ಲಿ ನಾನು ಇಡೀ ಹಾಳೆಯ ಲೆಕ್ಕ ಹಾಕಿ ಮುಗಿಸಿದ್ದೆ.

ನಿಧಾನವಾಗಿ ಓದು. ಇಪ್ಪತ್ತೊಂದನೆಯ ಸುತ್ತಿನ ತನಕ ನೀವಿಬ್ಬರೂ ಒಬ್ಬರ ಹಿಂದೆ ಒಬ್ಬರು ಅಂಟಿಕೊಂಡೇ ಗೆರೆ ದಾಟಿದ್ದೀರಿ, ಸುತ್ತಿಗೆ ಎರಡು ನಿಮಿಷ ಐವತ್ತರ ಸುಮಾರು. ಇಪ್ಪತ್ತೆರಡರಲ್ಲಿ ನೀನು ಒಬ್ಬನೇ ಬಂದೆ, ಸರಿಯಾದ ಹೊತ್ತಿಗೆ. ಮೇಷ್ಟ್ರು ಬರಲೇ ಇಲ್ಲ. ಇಪ್ಪತ್ತಮೂರರಲ್ಲಿ ನಿನ್ನ ಎರಡು ಮೂವತ್ತೊಂದು. ಅದಾದ ಹತ್ತೊಂಬತ್ತು ಸೆಕೆಂಡಿಗೆ ಮೇಷ್ಟ್ರು ಬಂದರು. ಅವರ ಆ ಒಂದು ಸುತ್ತಿಗೆ ಐದು ನಿಮಿಷ ನಲವತ್ತು ಸೆಕೆಂಡು. ಎಲ್ಲೋ ನಿಂತಿದ್ದಾರೆ ಎಂದು ಆವತ್ತು ಎಲ್ಲರೂ ಅಂದುಕೊಂಡೆವು. ಆದರೆ ಐದು ನಲವತ್ತು ಎಂದರೆ ಎರಡು ಐವತ್ತರ ಎರಡರಷ್ಟು, ನಿಲ್ಲದೆ ಎರಡು ಸುತ್ತು ಹಾಕುವ ಹೊತ್ತು. ಒಂದು ಸೆಕೆಂಡು ಹೆಚ್ಚಿಲ್ಲ, ಒಂದು ಸೆಕೆಂಡು ಕಡಿಮೆ ಇಲ್ಲ.

ನಿನಗೆ ಯಾವತ್ತೂ ಹೇಳದ ಒಂದು ಸಂಗತಿ ಈಗ ಹೇಳುತ್ತೇನೆ. ನಮ್ಮ ಕೆಲಸದ ರೀತಿ ನಿನಗೆ ಗೊತ್ತು. ಒಬ್ಬರು ಗೆರೆಯ ಮೇಲೆ ಕಣ್ಣಿಟ್ಟು ನಂಬರು ಕೂಗಬೇಕು, ಇನ್ನೊಬ್ಬರು ತಲೆ ಎತ್ತದೆ ಹೊತ್ತು ನೋಡಿ ಬರೆಯಬೇಕು. ತಲೆ ಎತ್ತಿದರೆ ಒಂದು ಗಾಡಿ ತಪ್ಪಿತು ಎಂದೇ ಲೆಕ್ಕ. ಕೂಗುತ್ತಿದ್ದವರು ಗಡಿಯಾರ ರಿಪೇರಿಯವರು, ಈಗ ತೀರಿಕೊಂಡಿದ್ದಾರೆ. ಇಪ್ಪತ್ತೆರಡರಲ್ಲಿ ಒಂದೇ ಗಾಡಿ ಬಂದಾಗ ಅವರು, "ನಂಬರ್ ಕಾಣ್ಲಿಲ್ಲಮ್ಮ, ಬರೀ ಕೆಸರು" ಎಂದರು. ನಾನು ತಲೆ ಎತ್ತದೆಯೇ, "ಹದಿನೇಳು, ನನ್ನ ತಮ್ಮಂದೇ ಸದ್ದು" ಎಂದೆ. "ಇರ್ಲಿ, ನಂಬರಿನ ಸುತ್ತ ಒಂದು ಬಳೆ ಎಳೀರಿ, ಆಮೇಲೆ ವಿಚಾರಿಸೋಣ" ಎಂದರು. ಅನುಮಾನ ಇದ್ದಲ್ಲಿ ಬಳೆ ಎಳೆಯುವುದು ನಿಯಮ. ನಾನು ಎಳೆಯಲಿಲ್ಲ. ನನ್ನ ಕಿವಿಯ ಬಗ್ಗೆ ನನಗೆ ಅಷ್ಟು ಜಂಬ.

ನಿನ್ನ ಗಾಡಿಯ ಸೈಲೆನ್ಸರ್ ನೀನೇ ಕತ್ತರಿಸಿ ನೀನೇ ಬೆಸೆದದ್ದು. ಹೊಸ ಬಟ್ಟೆ ಹರಿದ ಹಾಗೆ ಅದರ ಸದ್ದು. ಇಬ್ಬರದೂ ಒಂದೇ ಕಂಪನಿಯ ಗಾಡಿಯಾದರೂ ಆ ಸದ್ದು ಆ ಮೈದಾನದಲ್ಲಿ ನಿನ್ನೊಬ್ಬನದೇ. ಆದ್ದರಿಂದ ಅದು ನೀನೇ, ಈ ಲೆಕ್ಕ ಕಾಕತಾಳೀಯ ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೇನೆ. ನೀನೂ ಒಂದು ಸಲ ಹೇಳು. ಮೇಷ್ಟ್ರು ಎಲ್ಲಾದರೂ ನಿಂತದ್ದನ್ನು ನೋಡಿದೆಯಾ?

ಅಕ್ಕ

ಮಾರ್ಚ್ 11

ಅಕ್ಕಾ,

ಸದ್ದು ನನ್ನದೇ. ಮೇಷ್ಟ್ರು ನಿಂತಿರಬೇಕು. ಹಾಳೆಯಲ್ಲಿ ಇದೆಯಲ್ಲ.

ನಲವತ್ತೊಂದು ವರ್ಷ ಆಯಿತು. ಈಗ ಬೂದಿ ಕೆದಕಿ ಯಾರಿಗೆ ಏನು ಸಿಗಬೇಕು? ನನ್ನ ಶಾಲೆ ನಡೆಯುವುದೇ ಆ ಹೆಸರಿನ ಮೇಲೆ. ಸೀಮೆಗಿಲ್ಲದ ಸತ್ಯವಂತೆ ಎಂದು ನಿನಗೊಂದು ಸರ್ಟಿಫಿಕೇಟ್ ಬೇಕಾದರೆ ಕ್ಲಬ್ಬಿನವರು ಕೊಡುತ್ತಾರೆ, ನನ್ನನ್ನು ಎಳೆಯಬೇಡ. ಇದ್ದದ್ದನ್ನು ಇದ್ದ ಹಾಗೆ ಬರೆದು ಮುಗಿಸು.

ಇಲ್ಲಿ ಎಲ್ಲರೂ ಕ್ಷೇಮ.

ತಮ್ಮ

ಮಾರ್ಚ್ 20

ತಮ್ಮಾ,

ನಿನ್ನ ಕಾಗದದಲ್ಲಿ ನನಗೆ ಹಿಡಿಸಿದ್ದು ಒಂದೇ ಮಾತು. ಇದ್ದದ್ದನ್ನು ಇದ್ದ ಹಾಗೆ ಬರೆಯುತ್ತೇನೆ.

ರೇಸಿನ ಮರುದಿನ ಮೇಷ್ಟ್ರು ದೂರು ಕೊಟ್ಟದ್ದು ನೆನಪಿದೆ ತಾನೇ. ಸಮಿತಿಯ ಕೋಣೆಯಲ್ಲಿ ನಾವು ಮೂವರೂ ಇದ್ದೆವು. ತಾನು ಎಲ್ಲೂ ನಿಲ್ಲಲಿಲ್ಲ ಎಂದರು ಅವರು. ಟ್ಯಾಂಕಿನ ತಿರುವಿನಲ್ಲಿ ಹದಿನೇಳನೆಯವನು ಬಿದ್ದಿದ್ದ, ಹಾಗಾಗಿ ತಾನು ಒಂದು ಸುತ್ತು ಮುಂದಿದ್ದೆ, ಮಳೆಯಲ್ಲಿ ಸುಮ್ಮನೆ ಅವನನ್ನು ದಾಟಿ ಅಪಾಯ ಏಕೆ ಎಂದು ಕೊನೆಯ ಸುತ್ತುಗಳಲ್ಲಿ ಹಿಂದೆಯೇ ಬಂದೆ ಎಂದರು. ಎಲ್ಲರೂ ನಕ್ಕರು. ಟ್ಯಾಂಕಿನ ಬಳಿಯ ಕಾವಲಿನವರು ಮಳೆಗೆ ತಾಡಪಾಲಿನ ಕೆಳಗೆ ಕೂತಿದ್ದವರು, ಏನೂ ನೋಡಿರಲಿಲ್ಲ. "ಬಿದ್ದಿದ್ಯೇನಪ್ಪ?" ಎಂದು ನಿನ್ನನ್ನು ಕೇಳಿದರು. "ಇಲ್ಲ" ಎಂದೆ. "ಹಾಳೆಯಲ್ಲಿ ಏನಾದ್ರೂ ಅನುಮಾನ ಇದೆಯೇನಮ್ಮ?" ಎಂದು ನನ್ನನ್ನು ಕೇಳಿದರು. ನಾನೂ "ಇಲ್ಲ" ಎಂದೆ. ಅಕ್ಕತಮ್ಮಂದಿರ ಎರಡು ಇಲ್ಲಗಳ ಮೇಲೆ ದೂರು ಬಿದ್ದುಹೋಯಿತು. ಮೇಷ್ಟ್ರು ಮತ್ತೆ ರೇಸಿಗೆ ಬರಲಿಲ್ಲ.

ನಿನ್ನ ಇಲ್ಲದ ಬಗ್ಗೆ ನಾನು ಏನೂ ಹೇಳಲಾರೆ. ನನ್ನದು ಸುಳ್ಳು. ಅನುಮಾನ ಗಡಿಯಾರದವರ ಬಾಯಿಂದಲೇ ಬಂದಿತ್ತು, ನಾನು ಅದನ್ನು ನುಂಗಿದೆ. ಈಗ ಆ ಹದಿನೇಳರ ಸುತ್ತ ಕೆಂಪು ಪೆನ್ಸಿಲ್ಲಿನಲ್ಲಿ ಬಳೆ ಎಳೆದಿದ್ದೇನೆ. ತಡವಾಗಿ ಎಳೆದ ಬಳೆ ಎಂದು ಪಕ್ಕದಲ್ಲಿ ಬರೆದು ಸಹಿ ಹಾಕಿದ್ದೇನೆ. ನೀನು ಏನನ್ನೂ ಹೇಳದಿದ್ದರೂ ಅಧ್ಯಾಯದಲ್ಲಿ ಇಷ್ಟಂತೂ ಇರುತ್ತದೆ: ಈ ವರ್ಷದ ಚಾಂಪಿಯನ್ನನ್ನು ತೀರ್ಮಾನಿಸಿದ್ದು ಒಬ್ಬಳ ಕಿವಿ, ಅವಳು ಅವನ ಅಕ್ಕ.

ಕೋಪ ಮಾಡಿಕೋ, ಬೇಡ ಎನ್ನುವುದಿಲ್ಲ. ಕಾಗದ ಬರೆಯುವುದನ್ನು ಮಾತ್ರ ಬಿಡಬೇಡ.

ಅಕ್ಕ

ಏಪ್ರಿಲ್ 29

ಅಕ್ಕಾ,

ನಲವತ್ತು ದಿನ ಸುಮ್ಮನಿದ್ದೆ. ಮೊದಲ ವಾರ ಕೋಪ. ಆಮೇಲಿನದೆಲ್ಲ ಹೆದರಿಕೆ. ನೀನು ಸದ್ದು ಕೇಳಿ ಬರೆದೆ ಎಂದು ಓದಿದ ಕ್ಷಣವೇ, ಅದು ನನ್ನದಲ್ಲದಿರಬಹುದು ಎಂದು ನನಗೆ ಹೊಳೆದಿತ್ತು. ಅದು ನಿನಗೆ ಗೊತ್ತಾಗಬಾರದು ಎಂದೇ ಹಿಂದಿನ ಕಾಗದದಲ್ಲಿ ಹಾರಾಡಿದ್ದು.

ಅಂಥ ಸೈಲೆನ್ಸರ್ ಎರಡು ಮಾಡಿದ್ದೆ. ರೇಸಿನ ದಿನ ಬೆಳಿಗ್ಗೆ ಮೇಷ್ಟ್ರ ಸೈಲೆನ್ಸರ್ ಸೀಳಿಹೋಯಿತು, ಬೇರೆ ಇರಲಿಲ್ಲ. ಅವರು ಟೂಲ್ ಬಾಕ್ಸಿನ ಮೇಲೆ ಸುಮ್ಮನೆ ಕೂತಿದ್ದರು, ಯಾರನ್ನೂ ಕೇಳಲಿಲ್ಲ. ನನ್ನನ್ನು ರೇಸಿಗೆ ಇಳಿಸಿದ್ದ ನಮ್ಮ ಗ್ಯಾರೇಜಿನ ಯಜಮಾನರ ಮಾತು ನಿನಗೆ ಗೊತ್ತು, ನಾಲ್ಕನೆಯ ನಂಬರಿನವನಿಗೆ ಒಂದು ನಟ್ಟು ಕೊಟ್ಟವನೂ ಅವತ್ತೇ ಗ್ಯಾರೇಜಿನಿಂದ ಹೊರಗೆ. ಆದರೂ ಮನಸ್ಸು ತಡೆಯಲಿಲ್ಲ. ಅವರಿಲ್ಲದೆ ಗೆದ್ದರೆ ಅದೇನು ಗೆಲುವು ಅನ್ನಿಸಿತು. ಎರಡನೆಯದನ್ನು ಗೋಣಿಯಲ್ಲಿ ಸುತ್ತಿ ಶೌಚಾಲಯದ ಹಿಂದೆ ಅವರ ಕೈಗೆ ಕೊಟ್ಟೆ. ಯಾರಿಗೂ ಹೇಳಬಾರದು ಎಂದು ಮಾತು ತೆಗೆದುಕೊಂಡೆ. ನಾನು ಬದುಕಿನಲ್ಲಿ ಮಾಡಿದ ಒಂದೇ ದೊಡ್ಡತನ ಎಂದು ಇಷ್ಟು ವರ್ಷ ಅದನ್ನು ಒಳಗೇ ಸವರಿಕೊಳ್ಳುತ್ತಿದ್ದೆ. ಅದೇ ಅವರ ಕುತ್ತಿಗೆಗೆ ಬಂದಿದೆ.

ಇಪ್ಪತ್ತೊಂದು ಸುತ್ತು ನಾವು ಒಟ್ಟಿಗೇ ದಾಟಿದೆವು, ಎರಡು ಸದ್ದು ಒಂದಾಗಿ ಕೇಳಿದೆ. ಅದಕ್ಕೇ ನಿನಗೆ ಗೊತ್ತಾಗಲಿಲ್ಲ. ಆಮೇಲೆ ಅವರು ಒಬ್ಬರೇ ಬಂದದ್ದು ಇಪ್ಪತ್ತಮೂರರಲ್ಲಿ, ಆಗ ಸ್ಟ್ಯಾಂಡಿನಲ್ಲಿ ನನ್ನ ದಾಖಲೆಗೆ ಜನ ಕೂಗುತ್ತಿದ್ದರಂತೆ. ಯಾವ ಕಿವಿಗೆ ತಾನೇ ಕೇಳಿಸೀತು. ಮುಂದಿನ ಸುತ್ತುಗಳಲ್ಲಿ ಅವರು ಮತ್ತೆ ನನ್ನ ಬೆನ್ನಿಗೇ ಅಂಟಿಕೊಂಡು ಬಂದರು.

ಇನ್ನೊಂದೂ ಇದೆ. ಇಪ್ಪತ್ತೆರಡರಲ್ಲಿ ಟ್ಯಾಂಕಿನ ಹತ್ತಿರ ನಾನು ಜಾರಿದೆ. ಗಾಡಿ ನನ್ನ ಮೇಲೆ ಬಿತ್ತು. ಎಬ್ಬಿಸಿ, ಕೆಸರು ಒರೆಸಿ, ತಳ್ಳಿ ಶುರು ಮಾಡುವಷ್ಟರಲ್ಲಿ ಎರಡೂವರೆ ನಿಮಿಷ ಹೋಗಿತ್ತು. ಸಮಿತಿಯವರು ಕೇಳಿದಾಗ ಇಲ್ಲ ಎಂದೆ. ಜಾರುವುದು ಬೀಳುವುದು ಬೇರೆ ಬೇರೆ ಎಂದು ಮನಸ್ಸಿಗೆ ಹೇಳಿಕೊಂಡೆ. ಆದರೆ ನಾನು ಬಿದ್ದಿದ್ದಾಗ ಮೇಷ್ಟ್ರು ಹಾದುಹೋದದ್ದನ್ನು ನಾನು ನೋಡಲಿಲ್ಲ. ಅವರೂ ಎಲ್ಲೋ ನಿಂತಿರಬಹುದು ಎಂದೇ ತಿಳಿದಿದ್ದೆ. ಇದಿಷ್ಟೇ ನನಗೆ ಗೊತ್ತಿರುವುದು.

ತಮ್ಮ

ಮೇ 8

ತಮ್ಮಾ,

ನಿನ್ನ ಕಾಗದ ಬಂದ ಮಧ್ಯಾಹ್ನವೇ ಹಾಳೆಯನ್ನು ಸುರುಳಿ ಸುತ್ತಿಕೊಂಡು ಮೇಷ್ಟ್ರ ಮನೆಗೆ ಹೋದೆ. ಮೂರನೆಯ ಮಹಡಿ, ಲಿಫ್ಟ್ ಇಲ್ಲ. ಪ್ರತಿ ಮಹಡಿಯಲ್ಲೂ ನಿಂತು, ಇಲ್ಲಿಂದಲೇ ಇಳಿದು ಹೋಗಿಬಿಡಲೇ ಅನ್ನಿಸಿತು. ಹೋಗಲಿಲ್ಲ.

ಬಾಗಿಲು ತೆಗೆದವರು ಅವರ ಹೆಂಡತಿ. ಒಗೆದ ಬಟ್ಟೆಯ ರಾಶಿ ಮಂಚದ ಮೇಲಿತ್ತು, ಒಳಗೆ ಬನ್ನಿ ಎಂದು ಹೇಳಿ ಮತ್ತೆ ಮಡಚಲು ಕೂತರು. ಮೇಷ್ಟ್ರು ಕಿಟಕಿಯ ಬಳಿ ಪಕ್ಕದ ಮನೆಯ ಮಗುವಿನ ನೋಟ್ ಪುಸ್ತಕ ತಿದ್ದುತ್ತಿದ್ದರು. ತುಂಬಾ ತೆಳ್ಳಗಾಗಿದ್ದಾರೆ, ದನಿ ಮಾತ್ರ ಕೊನೆಯ ಬೆಂಚಿಗೂ ಕೇಳುವಂಥದ್ದು.

ನಾನು ಕೂರಲೂ ಇಲ್ಲ. ಎಲ್ಲ ಹೇಳಿದೆ. ಬಳೆ ಎಳೆಯದ್ದು, ಸುಳ್ಳು ಹೇಳಿದ್ದು, ನಿನ್ನ ಸೈಲೆನ್ಸರ್. ತಪ್ಪಾಯಿತು ಎಂದು ಕೈ ಮುಗಿದೆ. ನನ್ನ ಕೈ ಇಳಿಸಿದರು. "ನಿಮ್ಮ ತಮ್ಮನಿಗೆ ಮಾತು ಕೊಟ್ಟಿದ್ದೆ, ನಾನ್ಯಾರಿಗೂ ಹೇಳ್ಲಿಲ್ಲ. ನೀವು ಸದ್ದು ಕೇಳಿ ಬರೀತೀರಿ ಅಂತ ನಂಗೇನು ಗೊತ್ತು" ಎಂದು ನಕ್ಕರು. ಆಮೇಲೆ ಹಾಳೆ ಬಿಡಿಸಿ ಪೆನ್ಸಿಲ್ ಹಿಡಿದು ಮೂವತ್ತು ಸುತ್ತಿನ ಲೆಕ್ಕವನ್ನೂ ಮೊದಲಿನಿಂದ ಮಾಡಿದರು. ಒಂದು ಗಂಟೆ ಹಿಡಿಯಿತು. ಎರಡು ಕಡೆ ನನ್ನ ಕೂಡುವ ತಪ್ಪು ಹಿಡಿದು ತಿದ್ದಿದರು.

ಕೊನೆಗೆ, "ಇದು ಸಾಕಾಗಲ್ಲ" ಎಂದರು. "ಐದು ನಲವತ್ತು ಅಂದ್ರೆ ಎರಡು ಸುತ್ತು ಇರಬಹುದು. ಒಂದು ಸುತ್ತು, ಜೊತೆಗೆ ಎರಡು ಐವತ್ತರಷ್ಟು ನಿಂತದ್ದೂ ಇರಬಹುದು. ಉತ್ತರ ಒಂದೇ, ದಾರಿ ಎರಡು. ನಾನು ನಿಂತಿದ್ದೆ."

ಎಲ್ಲಿ ಎಂದು ಕೇಳಿದೆ.

"ಟ್ಯಾಂಕಿನ ಹತ್ರ. ಕನ್ನಡಕದ ಮೇಲೆ ಕೆಸರಿತ್ತು, ಒರೆಸಿಕೊಂಡೆ. ನಂಗೆ ಚೆನ್ನಾಗಿ ನೆನಪಿದೆ."

"ಸಮಿತಿ ಮುಂದೆ ನಿಲ್ಲಲಿಲ್ಲ ಅಂದಿದ್ರಲ್ಲ ಮೇಷ್ಟ್ರೇ" ಎಂದೆ.

ಪೆನ್ಸಿಲ್ ಕೆಳಗಿಟ್ಟರು. "ಆಗ ನೆನಪಿರ್ಲಿಲ್ಲ. ಆಮೇಲಾಮೇಲೆ ನೆನಪಾಯ್ತು. ಒಂದಿಡೀ ಕ್ಲಬ್ಬು, ಒಂದು ಹಾಳೆ, ಬಿದ್ದ ಅಂತ ನಾನು ಹೇಳಿದ್ನಲ್ಲ ಆ ಹುಡುಗ, ಎಲ್ರೂ ಒಂದೇ ಮಾತು ಹೇಳ್ತಿದ್ರೆ ನಾನೊಬ್ಬ ಎಷ್ಟು ದಿನ ಇಲ್ಲ ಅನ್ಲಿ. ಲೆಕ್ಕದ ಮೇಷ್ಟ್ರು ನಾನು, ಕಾಗದದಲ್ಲಿದ್ದದ್ದನ್ನ ಒಪ್ಪಿಕೊಂಡೆ. ನೀವು ಕಿವಿ ನಂಬಿದ್ರಿ, ನಾನು ಕಾಗದ ನಂಬಿದೆ."

ತಮ್ಮಾ, ನಾವು ಅವರ ಕಪ್ಪು ಮಾತ್ರ ತೆಗೆದುಕೊಂಡಿಲ್ಲ. ತಾನು ಎಲ್ಲೂ ನಿಲ್ಲದೆ ಓಡಿಸಿದೆ ಎಂಬುದೊಂದು ಅವರ ಬಳಿ ಇತ್ತು, ಅದನ್ನೂ ಕಿತ್ತುಕೊಂಡಿದ್ದೇವೆ. ನನಗೆ ಅಲ್ಲೇ ಅಳು ಬಂತು, ಅವರೆದುರಿಗೇ ಅತ್ತೆ.

ಹೊರಡುವಾಗ ಅವರು ಕೇಳಿದ್ದು ಒಂದೇ. "ಕಣ್ಣಾರೆ ನೋಡಿದವರು ಯಾರಾದ್ರೂ ಇದ್ದಾರಾ? ಇದ್ರೆ ಹೇಳಿ, ಇಲ್ದಿದ್ರೆ ಬಿಟ್ಬಿಡಿ. ಈ ವಯಸ್ಸಲ್ಲಿ ನಂಗೆ ಇನ್ನೊಂದು ಸಲ ಆಸೆ ಹುಟ್ಟಿಸ್ಬೇಡಿ."

ನೀನು ನೋಡಲಿಲ್ಲ ಎಂದು ಬರೆದಿದ್ದೀಯ. ಆ ಸಾಲನ್ನು ಎಷ್ಟು ಸಲ ಓದಿದೆನೋ. ನೀನು ಸುಳ್ಳು ಬರೆಯುವಾಗ ನಿನ್ನ ಅಕ್ಷರ ಮುತ್ತು ಪೋಣಿಸಿದ ಹಾಗಿರುತ್ತದೆ ಕಣೋ. ಶಾಲೆಯಲ್ಲಿ ಅಪ್ಪನ ಹೆಸರಿನಲ್ಲಿ ರಜೆ ಚೀಟಿ ಬರೆಯುತ್ತಿದ್ದ ಕಾಲದಿಂದ ನೋಡಿದ್ದೇನೆ. ಏಪ್ರಿಲ್ಲಿನ ಕಾಗದ ಮೊದಲಿನಿಂದ ಕೊನೆಯವರೆಗೂ ಗೀಚು, ಕೊನೆಯ ನಾಲ್ಕು ಸಾಲು ಮಾತ್ರ ಮುತ್ತು.

ಅಚ್ಚಿಗೆ ಇನ್ನು ಮೂರು ವಾರ ಇದೆ. ಓಡಿಸಿದವರ ಹೇಳಿಕೆ ಇಲ್ಲದೆ ಹೆಸರು ಬದಲಿಸುವುದಿಲ್ಲ ಎಂದು ಕಾರ್ಯದರ್ಶಿ ಹೇಳಿದ್ದಾರೆ. ಅವರ ಹತ್ತಿರ ನಾನು ಜಗಳವಾಡಬಲ್ಲೆ. ಮೇಷ್ಟ್ರಿಗೆ ಮಾತ್ರ ನನ್ನ ಬಳಿ ಉತ್ತರವಿಲ್ಲ, ಅದು ನಿನ್ನ ಬಳಿ ಇದೆ.

ಅಕ್ಕ

ಮೇ 17

ಅಕ್ಕಾ,

ಅಕ್ಷರ ನೋಡಿಕೋ, ಕಾಗೆ ಕಾಲು. ಮುಂದಿನದು ನಿನಗಲ್ಲ. ಈ ಹಾಳೆಯನ್ನು ಮೇಷ್ಟ್ರ ಕೈಗೇ ಕೊಡು. ಇದರದೇ ನಕಲಿಗೆ ಸಹಿ ಹಾಕಿ ಕಾರ್ಯದರ್ಶಿಗಳಿಗೂ ಕಳಿಸಿದ್ದೇನೆ.

ಮೇಷ್ಟ್ರೇ,

ನೀವು ನಿಲ್ಲಲಿಲ್ಲ. ನಾನು ಕಣ್ಣಾರೆ ನೋಡಿದ್ದೇನೆ.

ಗಾಡಿ ನನ್ನ ಎಡಗಾಲಿನ ಮೇಲೆ ಬಿದ್ದಿತ್ತು, ನಾನು ಕಾಲು ಎಳೆದುಕೊಳ್ಳುತ್ತಿದ್ದೆ. ನನ್ನ ಹಿಂದೆಯೇ ಇದ್ದವರು ನೀವು. ನನ್ನನ್ನು ಕಂಡು ಎಕ್ಸಲರೇಟರ್ ಬಿಟ್ಟಿರಿ, ಗಾಡಿ ನಿಧಾನವಾಯಿತು. ನನ್ನ ಚಕ್ರದಿಂದ ಎದ್ದ ಕೆಸರು ನಿಮ್ಮ ಮುಖಕ್ಕೂ ನಂಬರಿಗೂ ಬಡಿದಿತ್ತು. ಎಡಗೈ ಎತ್ತಿ ಏನಾಯಿತು ಎಂದು ಕೇಳಿದಿರಿ. ಹೋಗಿ, ಹೋಗಿ ಎಂದು ನಾನು ಕೈ ಬೀಸಿದೆ. ನೀವು ಅದೇ ಕೈಯ ತೋಳಿನಿಂದ ಕನ್ನಡಕ ಒರೆಸಿಕೊಂಡು ಗೇರ್ ಹಾಕಿ ಹೋದಿರಿ. ಕನ್ನಡಕದ ನೆನಪು ನಿಜ. ಆದರೆ ನಿಮ್ಮ ಕಾಲು ನೆಲ ಮುಟ್ಟಲಿಲ್ಲ. ಚಕ್ರ ತಿರುಗುತ್ತಲೇ ಇತ್ತು. ನಾನು ರಸ್ತೆಯ ಮಟ್ಟದಲ್ಲಿ ಮಲಗಿದ್ದೆ, ನನ್ನ ಕಣ್ಣೆದುರಿಗೆ ಇದ್ದದ್ದೇ ಆ ಚಕ್ರ.

ಕೊನೆಯಲ್ಲಿ ಬಾವುಟ ಬಿದ್ದಾಗ ಅದು ನನ್ನ ಹಿಂದೆ ಬರುತ್ತಿದ್ದ ನಿಮಗೆ ಎಂದೇ ಅಂದುಕೊಂಡೆ. ಧ್ವನಿವರ್ಧಕದಲ್ಲಿ ನನ್ನ ಹೆಸರು ಕೂಗಿದರು. ಯಜಮಾನರು ಅಪ್ಪಿಕೊಂಡರು, ಅಕ್ಕ ಅಳುತ್ತಾ ನಗುತ್ತಿದ್ದಳು. ಅಲ್ಲ ಎನ್ನಲು ನಾಲಗೆ ಏಳಲಿಲ್ಲ. ಇದಕ್ಕಿಂತ ದೊಡ್ಡ ಕಾರಣ ಇರಬೇಕು ಎಂದು ಬಹಳ ಹುಡುಕಿದ್ದೇನೆ, ಇಲ್ಲ. ಸಮಿತಿಯಲ್ಲಿ ನಾನು ಬೀಳಲಿಲ್ಲ ಎಂದಾಗ ನೀವು ನನ್ನ ಮುಖ ನೋಡಿದಿರಿ. ಸೈಲೆನ್ಸರ್ ವಿಷಯ ಒಂದು ಹೇಳಿದ್ದರೆ ನನ್ನ ಕೆಲಸ ಹೋಗುತ್ತಿತ್ತು. ಕೊಟ್ಟ ಮಾತಿಗೆ ನೀವು ಬಾಯಿ ಮುಚ್ಚಿಕೊಂಡಿರಿ. ನಾನು ಸುಳ್ಳಿಗೆ ಮುಚ್ಚಿಕೊಂಡೆ.

ನನ್ನ ಶಾಲೆಯ ಗೋಡೆಗೆ ನಿನ್ನೆ ಸುಣ್ಣ ಹೊಡೆದೆ. ಹನ್ನೆರಡು ಜನರನ್ನೂ ಕೂರಿಸಿ ಎಲ್ಲ ಹೇಳಿದೆ. ಮೂವರು ಬಿಟ್ಟುಹೋದರು, ಹೋಗಲಿ. ನಿಮ್ಮ ಕ್ಷಮೆ ಕೇಳುವ ಮುಖ ನನಗಿಲ್ಲ. ಚಾಂಪಿಯನ್ ನೀವು. ಅದನ್ನು ನನ್ನ ಬಾಯಿಂದ ಹೇಳಲು ಮುಂದಿನ ತಿಂಗಳು ಖುದ್ದಾಗಿ ಬರುತ್ತೇನೆ, ಬಾಗಿಲು ತೆಗೆಯುವುದು ಬಿಡುವುದು ನಿಮಗೆ ಬಿಟ್ಟದ್ದು.

ಹದಿನೇಳನೆಯ ನಂಬರಿನವನು

ಮೇ 27

ತಮ್ಮಾ,

ಪುಸ್ತಕದ ಸುದ್ದಿ ಮೊದಲು ಹೇಳಿಬಿಡುತ್ತೇನೆ. ಕಾರ್ಯದರ್ಶಿ ಎರಡು ದಿನ ತಲೆ ಕೆರೆದುಕೊಂಡರು. ಇಷ್ಟು ವರ್ಷದ ಮೇಲೆ ಹೆಸರು ಬದಲಿಸಿದರೆ ಜನ ನಗುವುದಿಲ್ಲವೇ ಎಂದರು. "ನಗ್ಲಿ, ಅವತ್ತು ಮೇಷ್ಟ್ರನ್ನ ನೋಡಿ ನಕ್ಕೋರು ಇವತ್ತು ನಮ್ಮನ್ನ ನೋಡಿ ನಗ್ಲಿ. ಬದಲಿಸದೇ ಇದ್ರೆ ನನ್ನ ಅಧ್ಯಾಯ ವಾಪಸ್ ಕೊಡಿ" ಎಂದೆ. ನಿನ್ನೆ ಸಮಿತಿ ಒಪ್ಪಿತು. ಆ ವರ್ಷದ ಚಾಂಪಿಯನ್ ನಾಲ್ಕನೆಯ ನಂಬರು. ನೀನು ಎರಡನೆಯವನು, ಇಪ್ಪತ್ತೊಂಬತ್ತು ಸುತ್ತು. ಇಪ್ಪತ್ತೆರಡರಲ್ಲಿ ನಿನ್ನದೆಂದು ನಾನು ಬರೆದ ಗಾಡಿ ಅವರದು, ಹಾಗಾಗಿ ನಿನ್ನ ಎರಡು ಮೂವತ್ತೊಂದನ್ನು ಹೊಡೆದುಹಾಕಿದ್ದಾರೆ. ಅದರ ಬದಲು ಇಪ್ಪತ್ತೆರಡನೆಯ ಸುತ್ತಿಗೆ ಐದು ನಿಮಿಷ ಇಪ್ಪತ್ತೊಂದು ಸೆಕೆಂಡು ಎಂದು ಸೇರಿದೆ. ಇಡೀ ಪುಸ್ತಕದಲ್ಲಿ ಅದಕ್ಕಿಂತ ನಿಧಾನವಾದ ಸುತ್ತು ಇಲ್ಲ. ಹಾಗಾಗಿ ದಾಖಲೆ ಏನೋ ನಿನ್ನ ಹೆಸರಿನಲ್ಲೇ ಉಳಿಯಿತು ಎನ್ನುತ್ತಾರೆ ನಿನ್ನ ಭಾವ.

ನಿನ್ನ ಹಾಳೆಯನ್ನು ಮೇಷ್ಟ್ರಿಗೆ ಕೊಡಲು ಹೋದಾಗ ಹೆಂಡತಿಯೂ ಅಲ್ಲೇ ಇದ್ದರು, ಕಿಟಕಿಯ ಕೆಳಗೆ ಕೂತು ಅಂಗಿಗೆ ಗುಂಡಿ ಹಾಕುತ್ತಿದ್ದರು. ಮೇಷ್ಟ್ರು ಓದಿದರು. ಲೆಕ್ಕ ತಿದ್ದುವವರ ಹಾಗೆ ಬೆರಳಿಟ್ಟು ಸಾಲು ಸಾಲಾಗಿ ಓದಿದರು. ಚಕ್ರದ ಮಾತು ಬಂದಲ್ಲಿ ಬೆರಳು ನಿಂತಿತು. ಮತ್ತೆ ಮೇಲಿನಿಂದ ಓದಿದರು. ನಾನು ಗೋಡೆ ನೋಡುತ್ತಾ ಕೂತಿದ್ದೆ, ಅವರ ಮುಖ ನೋಡುವ ಧೈರ್ಯ ನನಗಿರಲಿಲ್ಲ.

ನಿನ್ನ ಬಗ್ಗೆ ಒಂದೇ ಮಾತು ಹೇಳಿದರು. "ಬರ್ಲಿ. ಬಾಗಿಲು ತೆಗೀತೀನಿ. ಆದ್ರೆ ಬೈಯೋದಿದೆ, ಬೈತೀನಿ." ನೀನು ಬಾ. ಬೈಸಿಕೋ.

ಆಮೇಲೆ ಕಾಗದವನ್ನು ಮಡಚಿ ಅಂಗಿಯ ಜೇಬಿಗೆ ಹಾಕಿಕೊಂಡರು, ಹೊರಗೆ ತೆಗೆದರು, ಮತ್ತೆ ಹಾಕಿಕೊಂಡರು. ಹೆಂಡತಿಯ ಕಡೆ ತಿರುಗಿ, "ಕೇಳಿಸ್ತೇನೇ, ನಾನು ನಿಂತಿರ್ಲಿಲ್ವಂತೆ" ಎಂದರು. ಆ ದೊಡ್ಡ ದನಿ ಒಡೆದುಹೋಗಿತ್ತು.

ಹೆಂಡತಿ ದಾರ ಕಚ್ಚಿ ಕತ್ತರಿಸಿ, ಗುಂಡಿ ಗಟ್ಟಿಯಾಗಿದೆಯೇ ಎಂದು ಎಳೆದು ನೋಡಿದರು.

"ನಿಂತಿದ್ದೆ ಅಂತ ನೀವು ಹೇಳ್ತಿದ್ರಿ" ಎಂದರು. "ನಾನ್ಯಾವತ್ತು ಒಪ್ಪಿದ್ದೆ?"

ಅಕ್ಕ